ಮಾಳಿಗೆಯ ಮೇಲಿನ ಗಚ್ಚಿನ ಗೆರೆ

ನಾನು ಪದವೀಧರನಾದ ಮೇಲೆ ಬರೆದ ಮೊದಲ ಕರಾರುಪತ್ರದಿಂದ ನಮ್ಮ ಚಿಗವ್ವ ತನ್ನ ಮನೆಯನ್ನು ಕಳೆದುಕೊಳ್ಳುವುದರಲ್ಲಿದ್ದಳು. ಹಾಗಾಗದೆ ಉಳಿದದ್ದು ನನ್ನ ಓದಿನ ಬಲದಿಂದಲ್ಲ. ಮನೆಯ ಹಿರಿಯರು ನನ್ನ ತಪ್ಪನ್ನು ತಿದ್ದಿದರು, ತಿದ್ದಿದ ಮೇಲೆ ಅದನ್ನು ಮತ್ತೆ ಎತ್ತಿ ಆಡಲಿಲ್ಲ. ಈ ಎರಡನೆಯ ಉಪಕಾರದ ತೂಕ ನನಗೆ ತಿಳಿಯಲು ಬಹಳ ವರ್ಷಗಳು ಬೇಕಾದವು. ಅದನ್ನು ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸಿ ಬರೆಯುತ್ತಿದ್ದೇನೆ.

ನಮ್ಮದು ಅಣ್ಣಿಗೇರಿ ಸ್ಟೇಶನ್ನಿನಿಂದ ಎರಡು ಹರದಾರಿ ದೂರದಲ್ಲಿ, ಎರೆಹೊಲಗಳ ನಡುವೆ ಇರುವ ಊರು. ಮುತ್ಯಾ ಕಟ್ಟಿಸಿದ ಮನೆ ಓಣಿಯ ಉದ್ದಕ್ಕೆ ಒಂಬತ್ತು ಅಂಕಣ ಹಬ್ಬಿಕೊಂಡಿತ್ತು. ಒಂದು ಕಂಬದಿಂದ ಇನ್ನೊಂದು ಕಂಬದವರೆಗಿನ ಜಾಗಕ್ಕೆ ನಮ್ಮಲ್ಲಿ ಅಂಕಣವೆನ್ನುತ್ತಾರೆ. ಮುತ್ಯಾ ತೀರಿಕೊಂಡ ಮೇಲೆ ಮೂವರು ಮಕ್ಕಳು ಬೇರೆಯಾದರು. ಮೂಡಣ ದಿಕ್ಕಿನ ನಾಲ್ಕು ಅಂಕಣ ದೊಡ್ಡಪ್ಪನವರಿಗೆ, ಪಡುವಣ ದಿಕ್ಕಿನ ಮೂರು ಅಂಕಣ ನಮ್ಮ ಅಪ್ಪನಿಗೆ, ನಡುವಿನ ಎರಡು ಅಂಕಣ ಕಾಕಾನಿಗೆ ಬಂದವು. ಕಾಕಾ ಬೇಗನೆ ಹೋಗಿಬಿಟ್ಟ. ಅವನ ಹೆಂಡತಿ, ಅಂದರೆ ನಮ್ಮ ಚಿಗವ್ವ, ಒಬ್ಬಳೇ ಮಗಳನ್ನು ಮಿಶ್ರಿಕೋಟಿಗೆ ಕೊಟ್ಟು, ಎರಡು ಎಮ್ಮೆ ಕಟ್ಟಿಕೊಂಡು, ಆ ನಡುವಿನ ಪಾಲಿನಲ್ಲಿ ಬಾಳುವೆ ಮಾಡುತ್ತಿದ್ದಳು.

ಕೆಳಗೆ ಪಾಲು ಮೂರಾದರೂ ಮೇಲೆ ಮಾಳಿಗೆ ಒಂದೇ ಆಗಿತ್ತು. ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಹತ್ತಿಕಟ್ಟಿಗೆ ಹಾಗೂ ಬೇವಿನ ತಪ್ಪಲು, ಅದರ ಮೇಲೆ ಮೊಳ ದಪ್ಪ ತುಳಿದು ಕೂಡಿಸಿದ ಮಣ್ಣು. ಎಲ್ಲಕ್ಕೂ ಮೇಲೆ ಹಾಳುಮಣ್ಣು. ಇದು ಹಳ್ಳದ ದಂಡೆಯಲ್ಲಿ ಸಿಗುವ ಬಿಳಿಯ ಸವುಳುಮಣ್ಣು. ನೀರನ್ನು ಕೆಳಗೆ ಇಳಿಯಗೊಡುವುದಿಲ್ಲ. ಮುತ್ಯಾ ಮಾಳಿಗೆಯ ನಡುವನ್ನು ತುಸು ಎತ್ತರವಾಗಿಟ್ಟು, ಎರಡೂ ತುದಿಗಳಲ್ಲಿ ನೀರು ಹೊರಗೆ ಬೀಳಲು ಓಣಿಗೆ ಚಾಚಿದ ಕಟ್ಟಿಗೆಯ ದೋಣಿ ಕೂಡಿಸಿದ್ದ. ಹೀಗಾಗಿ ನಡುವೆ ಬಿದ್ದ ಮಳೆ ಅರ್ಧ ದೊಡ್ಡಪ್ಪನವರ ಕಡೆಗೆ, ಅರ್ಧ ನಮ್ಮ ಕಡೆಗೆ ಹರಿದು ದೋಣಿಯಿಂದ ಹೊರಗೆ ಬೀಳುತ್ತಿತ್ತು. ಚಿಗವ್ವನ ಪಾಲಿಗೆ ದೋಣಿಯೇ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ.

ರೋಹಿಣಿ ಮಳೆ ಕೂಡುವ ಮೊದಲು ಪ್ರತಿ ವರ್ಷ ಮಾಳಿಗೆಗೆ ಹೊಸ ಹಾಳುಮಣ್ಣು ಹಾಕಬೇಕು. ಇದಕ್ಕೆ ನಮ್ಮ ಮನೆಯಲ್ಲಿ ಆಯಿ, ಅಂದರೆ ಮುತ್ಯಾನ ಹೆಂಡತಿ, ಹಾಕಿಕೊಟ್ಟ ಒಂದು ಪದ್ಧತಿಯಿತ್ತು. ಯಾರೂ ತಮ್ಮ ಪಾಲಿನ ಮೇಲೆ ತಾವು ಮಣ್ಣು ಹರವುವಂತಿಲ್ಲ. ನಾವು ಚಿಗವ್ವನ ಪಾಲಿನ ಮೇಲೆ, ಚಿಗವ್ವನ ಆಳುಗಳು ದೊಡ್ಡಪ್ಪನವರ ಪಾಲಿನ ಮೇಲೆ, ದೊಡ್ಡಪ್ಪನವರು ನಮ್ಮ ಪಾಲಿನ ಮೇಲೆ ಹರವಬೇಕು. ಯಾರ ಮಾಳಿಗೆಯೋ ಅವರು ಕೆಳಗೆ ಬೆಳಕಿಂಡಿಯ ಹತ್ತಿರ ನಿಂತು, "ಇಲ್ಲೆ ಹಾಕ್ರಿ, ಅಲ್ಲೆ ತುಳೀರಿ" ಎಂದು ಹೇಳಬೇಕು. ಮುರಿದ ಜಂತಿಯೊಂದನ್ನು ಬದಲಿಸುವುದಿದ್ದರೆ ಖರ್ಚನ್ನು ಅಂಕಣದ ಲೆಕ್ಕದಲ್ಲಿ ಮೂವರೂ ಹೊರಬೇಕು. ಹೀಗೇಕೆಂದು ಆಯಿ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ನಾನು ಹುಬ್ಬಳ್ಳಿಯಲ್ಲಿದ್ದು ಬಿ.ಎ. ಓದಿದೆ. ನಮ್ಮ ಮನೆತನದಲ್ಲಿ ಮೆಟ್ರಿಕ್ ದಾಟಿದವನು ನಾನೇ ಮೊದಲಿಗ. ಆ ವರ್ಷಗಳಲ್ಲಿ ವಾರಕ್ಕೆರಡು ಸಲ ಊರಿನ ಬಸ್ಸಿನಲ್ಲಿ ನನಗೆ ರೊಟ್ಟಿಯ ಗಂಟು ಬರುತ್ತಿತ್ತು. ಸೋಮವಾರದ ಗಂಟು ಅವ್ವನದು, ಗುರುವಾರದ್ದು ಚಿಗವ್ವನದು. ಚಿಗವ್ವನ ಗಂಟಿನಲ್ಲಿ ರೊಟ್ಟಿಯ ನಡುವೆ ಬೆಣ್ಣೆಯ ಉಂಡೆಯೊಂದು ಎಲೆಯಲ್ಲಿ ಸುತ್ತಿಕೊಂಡು ಬರುತ್ತಿತ್ತು. ಬಿಸಿಲಿಗೆ ಅದು ಕರಗಿ ರೊಟ್ಟಿಯೆಲ್ಲ ತೊಯ್ದಿರುತ್ತಿದ್ದುದರಿಂದ, ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು, "ತಗೋಳ್ರಿ ನಿಮ್ಮ ಎಣ್ಣಿ ಗಂಟು" ಎಂದು ಕೊಡುತ್ತಿದ್ದ. ನನಗೆ ಆಗ ನಾಚಿಕೆಯಾಗುತ್ತಿತ್ತು.

ನನ್ನ ಪರೀಕ್ಷೆಯ ಫಲಿತಾಂಶ ಬಂದ ಬೇಸಿಗೆಯಲ್ಲಿ ದೊಡ್ಡಪ್ಪನವರಿಗೆ ಒಂದು ಅಸಮಾಧಾನವಿತ್ತು. ಚಿಗವ್ವನ ಕೂಲಿಯಾಳುಗಳು ತಮ್ಮ ಮಾಳಿಗೆಯ ಮೇಲೆ ಮಣ್ಣನ್ನು ತೆಳ್ಳಗೆ ಹರವಿ ಹೋಗುತ್ತಾರೆಂಬುದು ಅವರ ದೂರು. ಅದು ಸುಳ್ಳೂ ಆಗಿರಲಿಲ್ಲ. ಒಂದು ದಿನ ಅವರು ನನ್ನನ್ನು ಕರೆದು ಪಡಸಾಲೆಯಲ್ಲಿ ಕುಳ್ಳಿರಿಸಿದರು.

"ಏನಪಾ ಸಾಹೇಬಾ, ಇಷ್ಟು ಓದೀದಿ. ಈ ಮಾಳಗಿ ರಗಳಿಗೆ ಒಂದು ಕಾಗದ ಬರಿ ನೋಡೂಣು. ಅವರವರದು ಅವರವರು ನೋಡ್ಕೊಂಡ್ರ ಜಗಳ ಎಲ್ಲೈತಿ?"

ನನಗೆ ಆ ಮಾತು ಅತ್ಯಂತ ನ್ಯಾಯಸಮ್ಮತವಾಗಿ ಕಂಡಿತು. ಆಸ್ತಿಯ ಹಕ್ಕು ಯಾರದೋ ಅದರ ಹೊಣೆಯೂ ಅವರದೇ ಎಂಬ ತತ್ತ್ವವನ್ನು ನಾನು ಅರ್ಥಶಾಸ್ತ್ರದ ತರಗತಿಯಲ್ಲಿ ಆಗಷ್ಟೇ ಕಲಿತುಬಂದಿದ್ದೆ. ಎರಡು ದಿನ ಕುಳಿತು, ಮೂರು ಸಲ ಹರಿದು, ನಾಲ್ಕನೆಯ ಪ್ರತಿಯನ್ನು ಚೊಕ್ಕ ಅಕ್ಷರದಲ್ಲಿ ಬರೆದೆ. "ಪ್ರತಿಯೊಬ್ಬ ಹಕ್ಕುದಾರನು ತನ್ನ ಪಾಲಿನ ನೆತ್ತಿಯ ಮೇಲಿರುವ ಮಾಳಿಗೆಯನ್ನು, ತತ್ಸಂಬಂಧವಾದ ತೊಲೆ, ಜಂತಿ ಇತ್ಯಾದಿಗಳನ್ನು ಸ್ವಂತ ಖರ್ಚಿನಿಂದ ಸುಸ್ಥಿತಿಯಲ್ಲಿ ಇರಿಸತಕ್ಕದ್ದು." 'ತತ್ಸಂಬಂಧವಾದ' ಎಂಬ ಶಬ್ದದ ಬಗ್ಗೆ ನನಗೆ ವಿಶೇಷ ಅಭಿಮಾನವಿತ್ತು. ದೊಡ್ಡಪ್ಪನವರು ಅದನ್ನು ಕೇಳಿ ತಲೆದೂಗಿ, "ಅಗದಿ ಕೋರ್ಟಿನ್ಯಾಗಿನ ಕಾಗದ ಇದ್ದಂಗೈತಿ" ಎಂದರು. ಅಪ್ಪನಿಗೆ ಮಗನ ಅಕ್ಷರ ನೋಡಿಯೇ ಕಣ್ಣು ತುಂಬಿತ್ತು. ಅರ್ಥದ ಗೊಡವೆಗೆ ಅವನು ಹೋಗಲಿಲ್ಲ.

ಚಿಗವ್ವ ದೊಡ್ಡಪ್ಪನವರ ಎದುರಿಗೆ ಬರುತ್ತಿರಲಿಲ್ಲ. ಭಾವನ ಮುಂದೆ ನಿಂತು ಮಾತಾಡುವುದು ನಮ್ಮಲ್ಲಿ ರೂಢಿಯಲ್ಲ. ಬಾಗಿಲ ಮರೆಯಲ್ಲಿ ನಿಂತು, ಹೇಳುವುದನ್ನೆಲ್ಲ ನನ್ನ ಹೆಸರಿಗೆ ಹೇಳುತ್ತಿದ್ದಳು. ಅಂದೂ ಹಾಗೆಯೇ ಕೇಳಿದಳು.

"ತಮ್ಮಾ, ನನ್ನ ಮ್ಯಾಲಿನ ನೀರು ಎಲ್ಲಿಗೆ ಹೋಗಬೇಕಂತ ಬರದೀಯೇನು?"

"ಅದು ಬರಿಯೂದು ಬೇಕಾಗಿಲ್ಲ ಚಿಗವ್ವಾ, ನೀರು ತಾನ ಹೋಗತೈತಿ" ಎಂದೆ. ಅವಳು ಕೈ ಚಾಚಿ ಹೆಬ್ಬೆಟ್ಟು ಒತ್ತಿದಳು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಕಾಗದದಲ್ಲಿ ಇದ್ದುದು ಮಾಳಿಗೆಯ ಮೇಲೂ ಕಾಣಬೇಕೆಂದು ನನಗೆ ಅನಿಸಿತು. ಸುಣ್ಣ, ಉಸುಕು ಅರೆದು ಗಚ್ಚು ಮಾಡಿಸಿ, ಪಾಲು ಕೂಡುವ ಎರಡು ಕಡೆಯೂ ಬೆರಳೆತ್ತರದ ಗೆರೆ ಎಳೆಸಿದೆ. ನೂಲು ಹಿಡಿದು, ಸೊಟ್ಟಗಾಗದಂತೆ, ನಾನೇ ನಿಂತು ಮಾಡಿಸಿದೆ.

ಮುಂದೆ ನನಗೆ ಕುಂದಗೋಳದ ಕಚೇರಿಯೊಂದರಲ್ಲಿ ಕಾರಕೂನನ ಕೆಲಸ ಸಿಕ್ಕಿತು. ಊರಿಗೆ ಬರುವುದು ರಜೆಗೆ ಮಾತ್ರವಾಯಿತು. ಆ ಮೂರು ವರ್ಷ ಮೂರು ಮನೆಯವರೂ ನನ್ನ ಕಾಗದದಂತೆಯೇ ನಡೆದರು. ದೊಡ್ಡಪ್ಪನವರು ತಮ್ಮ ಮಾಳಿಗೆಗೆ ವರ್ಷಕ್ಕೆ ಆರು ಬಂಡಿ ಮಣ್ಣು ಹಾಕಿಸಿದರು. ತಾವು ಮಾಡಿದ್ದು ಗಟ್ಟಿಯಾಗಿರಲಿ ಎಂಬ ಹುರುಪು. ಅದನ್ನು ನೋಡಿ ಅಪ್ಪನೂ ಐದು ಬಂಡಿ ಹಾಕಿಸಿದ. ಚಿಗವ್ವನಿಗೆ ಒಂದು ಬಂಡಿ ತರಿಸುವುದೇ ಕಷ್ಟವಾಗುತ್ತಿತ್ತು.

ಎರಡನೆಯ ಮಳೆಗಾಲದಲ್ಲಿ ಬಂದಾಗ ಚಿಗವ್ವನ ಒಳಮನೆಯಲ್ಲಿ ಒಂದು ಕೊಡ, ಎರಡು ತಪೇಲಿ, ಹಿಟ್ಟು ನಾದುವ ಒಂದು ಹಳೆಯ ಪರಾತ ಇಟ್ಟಿದ್ದುದನ್ನು ನೋಡಿದೆ. ಅವುಗಳಲ್ಲಿ ನೀರು ತೊಟ್ಟಿಕ್ಕುತ್ತಿತ್ತು.

"ಚಿಗವ್ವಾ, ಇದೇನ ಇದು? ಅಪ್ಪಗ ಹೇಳಬಾರದೇನು?"

"ನನ್ನ ಪಾಲಿಂದು ನಾ ನೋಡ್ಕೋಬೇಕಲ್ಲಪಾ. ನೀನ ಬರದೀಯಲ್ಲ" ಎಂದಳು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಕಾಗದದಲ್ಲಿ ಇರುವುದನ್ನು ಪಾಲಿಸಬೇಕೆಂದು ಅವಳು ನಿಜವಾಗಿಯೂ ನಂಬಿದ್ದಳು. ಹೇಳಿಯಾದ ಮೇಲೆ, "ಹಸಿವ್ಯಾಗಿರಬೇಕು, ಕೂಡು" ಎಂದು ನನಗೆ ರೊಟ್ಟಿ, ಮೊಸರು ಬಡಿಸಿದಳು. ನಾನು ಉಂಡೆ. ಉಂಡು ಕುಂದಗೋಳಕ್ಕೆ ಹೋದೆ. ಅಂದು ನಾನು ಮಾಳಿಗೆ ಹತ್ತಿ ನೋಡಲಿಲ್ಲ.

ಮೂರನೆಯ ವರ್ಷದ ಮಳೆಗಾಲದಲ್ಲಿ ಒಂದು ಮುಂಜಾನೆ ಚಿಗವ್ವ ಎಮ್ಮೆ ಹಿಂಡಿಕೊಂಡು ಒಳಗೆ ಬರುವಷ್ಟರಲ್ಲಿ ನಡುತೊಲೆ ಚಟ್ಟೆಂದು ಸೀಳಿ, ಒಂದು ಬುಟ್ಟಿಯಷ್ಟು ಮಣ್ಣು ಒಲೆಯ ಮೇಲೆ ಬಿದ್ದಿತು. ಅಪ್ಪ ನನಗೆ ಕಾರ್ಡು ಹಾಕಿದ. ನಾನು ಬಂದಾಗ ತೊಲೆಯ ಕೆಳಗೆ ಎರಡು ಆನಿಕೆ ಕೊಟ್ಟು ನಿಲ್ಲಿಸಿದ್ದರು. ಚಿಗವ್ವ ತನ್ನ ಒಲೆಯನ್ನು ನಮ್ಮ ಹಿತ್ತಲಿಗೆ ತಂದುಕೊಂಡಿದ್ದಳು. ಬಡಿಗ ಬಂದು ನಿಚ್ಚಣಿಕೆ ಹಾಕಿ, ತೊಲೆಗೆ ಉಳಿ ಚುಚ್ಚಿದ. ಅದು ಸುತ್ತಿಗೆಯ ಪೆಟ್ಟಿಲ್ಲದೆ ಹಿಡಿಯವರೆಗೂ ಒಳಗೆ ಹೋಯಿತು.

"ಇದು ತೊಲಿ ಅಲ್ರೀ, ಹಿಟ್ಟು. ಮ್ಯಾಲೆ ನೀರು, ಒಳಗ ಗೆದ್ದಲಿ. ಇದನ್ನೂ ತಗೀಬೇಕು, ಬಾಜೂಕಿನ ಆರು ಜಂತೀನೂ ತಗೀಬೇಕು" ಎಂದು ಹೇಳಿ, ಅವನು ಮಾಳಿಗೆಯ ಮೇಲೆ ಹೋದ. ನಾನೂ ಹಿಂದೆ ಹೋದೆ.

ಅಲ್ಲಿ ನಾನು ಕಂಡದ್ದನ್ನು ಎಷ್ಟು ಸ್ಪಷ್ಟವಾಗಿ ಹೇಳಲು ಸಾಧ್ಯವೋ ಅಷ್ಟು ಸ್ಪಷ್ಟವಾಗಿ ಹೇಳುತ್ತೇನೆ. ಎರಡೂ ತುದಿಗಳು ಗೇಣೆತ್ತರ ಏರಿದ್ದವು. ಮುತ್ಯಾ ಎತ್ತರವಾಗಿಟ್ಟಿದ್ದ ನಡುಭಾಗ ಈಗ ಪರಾತದಂತೆ ತಗ್ಗಾಗಿತ್ತು. ನಾನು ಎಳೆಸಿದ ಗಚ್ಚಿನ ಗೆರೆಗಳು ಆ ಪರಾತದ ಅಂಚಿನಂತೆ ನೆಟ್ಟಗೆ, ಒಂದಿಷ್ಟೂ ಸೊಟ್ಟಗಾಗದೆ ನಿಂತಿದ್ದವು. ಒಳಗೆ ಹಿಂದಿನ ದಿನದ ಮಳೆಯ ನೀರು ನಿಂತಿತ್ತು. ಅದಕ್ಕೆ ಹೋಗಲು ದಾರಿಯಿರಲಿಲ್ಲ.

"ಯಾವ ಶ್ಯಾಣ್ಯಾರ್ರೀ ಈ ಗೆರಿ ಹೊಡದಾಂವಾ?" ಎಂದು ಬಡಿಗ ಕೇಳಿದ.

ನಾನು ಬಗ್ಗಿ ಗೆರೆಯ ಮೇಲೆ ಕೈಯಿಟ್ಟೆ. ಅವನು ನನ್ನ ಮುಖ ನೋಡಿ ನಿಚ್ಚಣಿಕೆಯ ಕಡೆಗೆ ನಡೆದ.

ಎರೆನಾಡಿನಲ್ಲಿ ತೊಲೆಗೆ ತಕ್ಕ ಮರ ಬೆಳೆಯುವುದಿಲ್ಲ. ಅಳ್ನಾವರದ ಕಟ್ಟಿಗೆ ಅಡ್ಡೆಯಿಂದ ಕೊಂಡು, ಲಾರಿಯಲ್ಲಿ ಹೇರಿಸಿ ತರಬೇಕು. ಎಮ್ಮೆಗಳೆರಡನ್ನೂ ಮಾರಿದರೂ ಚಿಗವ್ವನಿಂದ ಅದು ಆಗುವ ಮಾತಾಗಿರಲಿಲ್ಲ. ದೇವಿಕೊಪ್ಪದಿಂದ ಅವಳ ಅಣ್ಣ ಬಂದು, "ನಡಿ ನಮ್ಮೂರಿಗೆ" ಎಂದು ಹೇಳಿ ಹೋಗಿದ್ದ. ಅವಳ ತಗಡಿನ ಟ್ರಂಕು ಹಗ್ಗ ಬಿಗಿಸಿಕೊಂಡು ನಮ್ಮ ಪಡಸಾಲೆಯಲ್ಲಿತ್ತು. ಅದನ್ನು ಕಂಡಾಗಲೆಲ್ಲ ಅವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಮರುದಿನ ದೊಡ್ಡಪ್ಪನವರ ಪಡಸಾಲೆಯಲ್ಲಿ ಎಲ್ಲರೂ ಕೂಡಿದೆವು. ಅಪ್ಪ ಗೋಡೆಗೆ ಒರಗಿ ಕುಳಿತಿದ್ದ. ಬಡಿಗ ಹೊಸ್ತಿಲ ಹತ್ತಿರ ಕುಳಿತಿದ್ದ. ಬಾಗಿಲ ಮರೆಯಲ್ಲಿ ಚಿಗವ್ವನ ಬಳೆಯ ಸಪ್ಪಳವಿತ್ತು. ದೊಡ್ಡಪ್ಪನವರು ಪೆಟ್ಟಿಗೆಯಿಂದ ಕಾಗದ ತೆಗೆದು ನನ್ನ ಮುಂದೆ ಚಾಚಿದರು.

"ನೀನ ಬರದದ್ದು, ನೀನ ಓದು."

ನಾನು ಓದಿದೆ. 'ತತ್ಸಂಬಂಧವಾದ' ಎಂಬ ಶಬ್ದ ನಾಲಿಗೆಯ ಮೇಲೆ ಹೊರಳಲೇ ಇಲ್ಲ.

ದೊಡ್ಡಪ್ಪನವರು ಕೆಟ್ಟವರಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕಾಗದದ ಮಾತನ್ನು ಮೀರಬಾರದೆಂಬುದು ಅವರ ನಂಬಿಕೆಯಾಗಿತ್ತು. "ಕಾಗದ ಹಿಂಗ ಹೇಳತೈತಿ. ಆಕಿ ಕೈಲೆ ಆಗೂದಿಲ್ಲ, ನನಗೂ ಗೊತ್ತೈತಿ. ತೊಲಿ ನಾ ಹಾಕಸ್ತೇನಿ. ಆ ಎರಡು ಅಂಕಣ ನನ್ನ ಹೆಸರಿಗೆ ಆಗಲಿ. ಆಕಿ ತೌರಿಗಾದ್ರೂ ಹೋಗಲಿ, ನಮ್ಮ ಮನ್ಯಾಗಾದ್ರೂ ಉಣ್ಣಲಿ, ಯಾರು ಬ್ಯಾಡಂತಾರ?"

ಬಳೆಗಳ ಸಪ್ಪಳ ನಿಂತಿತು. ನಂತರ ಚಿಗವ್ವನ ದನಿ ಕೇಳಿಸಿತು.

"ತಮ್ಮಾ, ನಿಮ್ಮ ದೊಡ್ಡಪ್ಪಾರಿಗೆ ಹೇಳು. ಉಣ್ಣಾಕ ಯಾರರ ಹಾಕತಾರ. ನನ್ನ ಎಮ್ಮಿ ಕಟ್ಟೂ ಗೂಟ, ನನ್ನ ಒಲಿ, ಇವು ನನಗ ಬೇಕು. ನಿಮ್ಮ ಕಾಕಾ ಕಣ್ಣು ಮುಚ್ಚಿದ್ದು ಆ ಕಂಬದ ಬುಡಕ."

ನನಗೆ ಇನ್ನು ಸುಮ್ಮನಿರಲಾಗಲಿಲ್ಲ. ಹಿರಿಯರ ಮುಂದೆ ಅಳೆದು ಮಾತಾಡಬೇಕೆಂಬ ನನ್ನ ಯಾವತ್ತಿನ ಎಚ್ಚರವೂ ಅಂದು ತಪ್ಪಿಹೋಯಿತು.

"ದೊಡ್ಡಪ್ಪಾ, ಆ ತೊಲಿ ಆಕಿ ನೀರಿಗೆ ಕೆಟ್ಟಿಲ್ಲ. ನಿಮ್ಮ ನೀರಿಗೆ, ನಮ್ಮ ನೀರಿಗೆ ಕೆಟ್ಟೈತಿ. ನನ್ನ ಗೆರಿಗೆ ಕೆಟ್ಟೈತಿ. ಮ್ಯಾಲೆ ಬಂದು ನೋಡ್ರಿ."

"ಏನ ಹುಚ್ಚರಂಗ ಮಾತಾಡ್ತೀಲೇ? ನನ್ನ ದೋಣಿಯಿಂದ ನೀರು ಬೀಳೂದು ದಿನಾ ನೋಡತೇನಿ ನಾ."

ಆಗ ಬಡಿಗ ಬಾಯಿ ಬಿಟ್ಟ. "ಗೌಡ್ರ, ಒಂದು ಕೊಡ ನೀರು ತರಸ್ರಿ. ಜಗಳ ಯಾಕ?"

ಮೊಣಕಾಲು ನೋವೆಂದು ಎರಡು ವರ್ಷದಿಂದ ಮಾಳಿಗೆ ಹತ್ತದಿದ್ದ ದೊಡ್ಡಪ್ಪನವರು ಅಂದು ಧೋತರ ಎತ್ತಿಕಟ್ಟಿ ನಿಚ್ಚಣಿಕೆ ಏರಿದರು. ಅಪ್ಪ ಕೊಡ ಹೊತ್ತು ತಂದ. ಬಡಿಗ ದೊಡ್ಡಪ್ಪನವರ ಪಾಲಿನ ಒಳಬದಿಗೆ ನೀರು ಸುರಿದ. ಆ ನೀರು ದೋಣಿಯ ಕಡೆಗೆ ಹೋಗಲಿಲ್ಲ. ಮೆಲ್ಲಗೆ ಹಿಂದಕ್ಕೆ ತಿರುಗಿ, ಹೊರಬದಿಯ ಮಣ್ಣಿಗೆ ಸಮನಾಗಿದ್ದ ಗಚ್ಚಿನ ಗೆರೆಯನ್ನು ದಾಟಿ, ಚಿಗವ್ವನ ಪಾಲಿನಲ್ಲಿ ಇಳಿದು, ಸೀಳಿದ ತೊಲೆಯ ಮೇಲೆ ನಿಂತಿತು. ಎರಡನೆಯ ಕೊಡವನ್ನು ನಮ್ಮ ಪಾಲಿನಲ್ಲಿ ಸುರಿದ. ಅದೂ ಅಲ್ಲಿಗೇ ಬಂದು ಮೊದಲಿನ ನೀರನ್ನು ಕೂಡಿತು. ಮೂರನೆಯದನ್ನು ನಡುವೆ ಸುರಿದ. ಅದು ಎಲ್ಲಿಗೂ ಹೋಗಲಿಲ್ಲ.

ದೊಡ್ಡಪ್ಪನವರು ಅಲ್ಲಿಯೇ ಕುಕ್ಕರಿಸಿ ಕುಳಿತರು. ತಲೆಯ ಪಟಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅಪ್ಪನ ಕಡೆಗೆ ನೋಡಿ, "ಮೂರು ವರ್ಷ ನಾವು ಇಬ್ಬರೂ ಕೂಡಿ ಆಕಿ ಒಲಿ ಮ್ಯಾಲೆ ನೀರು ಹೊಯ್ದೇವಲೇ" ಎಂದರು. ಮತ್ತೆ, "ನಮ್ಮವ್ವ ಸುಮ್ಮ ಹೇಳಿರಲಿಲ್ಲ. ನನ್ನ ಮ್ಯಾಲೆ ನಾನ ಹಾಕಿದ್ರ ಎಷ್ಟು ಹಾಕಿದ್ರೂ ಕಡಿಮಿನ ಅನಸತೈತಿ" ಎಂದರು. ಆಯಿಯ ಪದ್ಧತಿಯ ಅರ್ಥ ನಮಗೆ ತಿಳಿದದ್ದು ಅಂದೇ. ಬೇರೆಯವರ ಮಾಳಿಗೆಗೆ ಯಾರೂ ಬೇಕಾದದ್ದಕ್ಕಿಂತ ಹೆಚ್ಚು ಬಂಡಿ ಮಣ್ಣು ಸುರಿಯುವುದಿಲ್ಲ. ಕಡಿಮೆ ಸುರಿದರೆ ಕೆಳಗೆ ನಿಂತವರು ಬಿಡುವುದಿಲ್ಲ.

ಈಗ ನನಗೆ ಏನಾದರೂ ಅನ್ನುತ್ತಾರೆ ಎಂದುಕೊಂಡೆ. ದೊಡ್ಡಪ್ಪನವರು ಬಡಿಗನ ಕೈಯಿಂದ ಗುದ್ದಲಿ ಇಸಿದುಕೊಂಡು ನನ್ನ ಕೈಗೆ ಕೊಟ್ಟರು.

"ನೀನ ಹಾಕಿದಿ, ನೀನ ತಗಿ. ಗಚ್ಚು ಮಾತ್ರ ಗಟ್ಟಿ ಮಾಡಿಸೀಯಪಾ!"

ಅವರು ನನ್ನನ್ನು ಬೈದದ್ದು ಇಷ್ಟೇ. ಗೆರೆ ಒಡೆಯಲು ನನಗೆ ಮಧ್ಯಾಹ್ನದವರೆಗೆ ಹಿಡಿಯಿತು. ಅಂಗೈಯಲ್ಲಿ ಬೊಬ್ಬೆ ಎದ್ದಿತು.

ಕೆಳಗೆ ಬಂದ ಮೇಲೆ ದೊಡ್ಡಪ್ಪನವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಲೆಗೆ ಕಳಿಸಿದರು. ತೊಲೆಯ ಖರ್ಚನ್ನು ತಾವೂ ಅಪ್ಪನೂ ಹೊರುತ್ತೇವೆ, ಚಿಗವ್ವ ಏನೂ ಕೊಡುವುದು ಬೇಡ ಎಂದರು. ಕೂಡಲೇ ಬಾಗಿಲ ಮರೆಯಿಂದ ಮಾತು ಬಂದಿತು.

"ತಮ್ಮಾ, ಪುಕ್ಕಟೆ ತೊಲಿ ನನಗ ಬ್ಯಾಡ. ಒಂಬತ್ತು ಅಂಕಣದಾಗ ಎರಡು ನನ್ನವು. ಅಷ್ಟು ನಾ ಹೊರಬೇಕು. ರೊಕ್ಕ ನನ್ನ ಕಡೆ ಇಲ್ಲ. ಕೆಲಸ ಮುಗಿಯೂತನಾ ಬಡಿಗೇರು, ಆಳುಗಳು, ಎಲ್ಲಾರ ಊಟ ನಂದು. ಬರೂ ಉಗಾದಿತನಾ ಎರಡೂ ಮನಿಗೆ ತುಪ್ಪ ನಂದು."

ದೊಡ್ಡಪ್ಪನವರು ಮೀಸೆಯಲ್ಲಿಯೇ ನಕ್ಕರು. "ಆಗಲಿ ಅಂತ ಹೇಳು. ಆದ್ರ ರೊಟ್ಟಿ ಜೋಡಿ ಶೇಂಗಾ ಹಿಂಡಿ ಇಲ್ಲದ ನಮ್ಮ ಬಡಿಗ ಉಳಿ ಹಿಡಿಯೂದಿಲ್ಲ ಅಂತನೂ ಹೇಳು."

"ನಾ ಯಾವಾಗ ಅಂದೇನ್ರೀ?" ಎಂದು ಬಡಿಗ ಹೊಸ್ತಿಲಲ್ಲಿಯೇ ಕಕ್ಕಾಬಿಕ್ಕಿಯಾದ. ಮರೆಯಲ್ಲಿ ಬಳೆಗಳು ನಕ್ಕಂತೆ ಸಪ್ಪಳ ಮಾಡಿದವು.

ದೊಡ್ಡಪ್ಪನವರೂ ಅಪ್ಪನೂ ಒಂದೇ ಬುತ್ತಿ ಕಟ್ಟಿಕೊಂಡು ಅಳ್ನಾವರಕ್ಕೆ ಹೋದರು. ಬೇರೆಯಾದ ಮೇಲೆ ಅವರಿಬ್ಬರೂ ಕೂಡಿ ಪ್ರಯಾಣ ಮಾಡಿದ್ದು ಅದೇ ಮೊದಲು. ಮತ್ತಿಮರದ ತೊಲೆ ಲಾರಿಯಲ್ಲಿ ಬಂದಾಗ ಓಣಿಯ ಗಂಡಸರೆಲ್ಲ ಹೆಗಲು ಕೊಟ್ಟರು. ಎಂಟು ದಿನ ಕೆಲಸ ನಡೆಯಿತು. ಎರಡೂ ತುದಿಗಳಲ್ಲಿ ಹೆಚ್ಚಾಗಿದ್ದ ಮಣ್ಣನ್ನು ಎಳೆದು ನಡುವೆ ಏರಿಸಿ ತುಳಿದರು. ಚಿಗವ್ವ ಎಂಟು ದಿನವೂ ನಮ್ಮ ಹಿತ್ತಲಿನ ಒಲೆಯಲ್ಲಿ ರೊಟ್ಟಿ ಬಡಿದಳು. ಒಂಬತ್ತನೆಯ ದಿನ ಟ್ರಂಕಿನ ಹಗ್ಗ ಬಿಚ್ಚಿ, ಆ ಹಗ್ಗದಿಂದಲೇ ಎಮ್ಮೆಯ ಕರುವನ್ನು ತನ್ನ ಗೂಟಕ್ಕೆ ಕಟ್ಟಿದಳು.

ನಾನು ಕುಂದಗೋಳಕ್ಕೆ ಹೊರಡುವ ದಿನ ಅವಳು ನನ್ನನ್ನು ಕರೆದು, ಹೊಸ ಕಾಗದ ಬರೆಯಲು ಹೇಳಿದಳು. ನಾನು ಒಪ್ಪಲಿಲ್ಲ. ಇನ್ನು ಮೇಲೆ ಯಾರ ಕಾಗದವನ್ನೂ ಬರೆಯುವುದಿಲ್ಲ ಎಂದೆ.

"ಹಂಗಂದ್ರ ಹ್ಯಾಂಗಪಾ? ನಮ್ಮನ್ಯಾಗ ಬರಿಯಾಕ ಬರೂದು ನಿನಗೊಬ್ಬಗ. ಮತ್ತೊಬ್ಬರ ಕಡೆ ಬರಿಸಿದ್ರ, ನಿನ್ನ ಕಡೆ ಯಾಕ ಬರಿಸಲಿಲ್ಲ ಅಂತ ಊರಾಗ ಕೇಳತಾರ. ಕೂಡು. ಈ ಸಲ ನಾ ಹೇಳತೇನಿ, ನೀ ಬರಿ."

ಅವಳು ಹೇಳಿದಳು, ನಾನು ಬರೆದೆ. "ಮಾಳಿಗೆ ಮೂರೂ ಮನೆಯದು. ಯಾರೂ ತಮ್ಮ ಮೇಲೆ ತಾವು ಮಣ್ಣು ಹಾಕಬಾರದು. ನಡುವು ಎತ್ತರ ಇರಬೇಕು. ತೊಲೆ ಯಾರ ಮೇಲಿನದು ಕೆಟ್ಟರೂ ಒಂಬತ್ತು ಅಂಕಣದವರೂ ಹೊರಬೇಕು. ರೊಕ್ಕ ಇಲ್ಲದವರು ಇದ್ದದ್ದು ಕೊಡಬೇಕು." ಒಟ್ಟು ಐದು ಸಾಲು. ನನ್ನದೇ ಆದ ಒಂದು ಶಬ್ದವನ್ನೂ ನಾನು ಸೇರಿಸಲಿಲ್ಲ. ದೊಡ್ಡಪ್ಪನವರು ಅದನ್ನು ಕೇಳಿ ಸುಮ್ಮನೆ ಸಹಿ ಮಾಡಿದರು. ಅಪ್ಪನೂ ಮಾಡಿದ. ಚಿಗವ್ವನ ಹೆಬ್ಬೆಟ್ಟಿಗೆ ಮಸಿ ಹಚ್ಚುವಾಗ ಬೊಬ್ಬೆ ಒಡೆದು ಇನ್ನೂ ಮಾಯದಿದ್ದ ನನ್ನ ಅಂಗೈ ಅವಳಿಗೆ ಕಂಡಿತು. ಒಳಗೆ ಹೋಗಿ, ಬೆಣ್ಣೆ ತಂದು ಹಚ್ಚಿದಳು.

ಊರಿನಲ್ಲಿ ಯಾರೂ ಆ ತೊಲೆ ನನ್ನಿಂದ ಕೆಟ್ಟಿತೆಂದು ಹೇಳಲಿಲ್ಲ. ಕೇಳಿದವರಿಗೆಲ್ಲ ಮೂರು ಮನೆಯವರೂ, ಬಡಿಗನೂ ಸಹ, "ಗೆದ್ದಲಿ ಹತ್ತಿತ್ತು" ಎಂದಷ್ಟೇ ಹೇಳಿದರು. ಹುಡುಗ ಓದಿದವನು, ಅವನ ಮಾತಿಗೆ ಬೆಲೆ ಇರಲಿ ಎಂದು ಅವರು ಬಗೆದಿರಬೇಕು. ಮುಂದೆ ಕಚೇರಿಯಲ್ಲಿ ನಾನು ಎಷ್ಟೋ ಕಾಗದಗಳನ್ನು ಬರೆದೆ. ಪ್ರತಿ ಸಲವೂ ಕೊನೆಯ ಸಾಲಿಗೆ ಬಂದಾಗ, ಇದರ ನೀರು ಯಾರ ಒಲೆಯ ಮೇಲೆ ಬೀಳುತ್ತದೆ ಎಂದು ಒಮ್ಮೆ ಕೇಳಿಕೊಳ್ಳುವ ಅಭ್ಯಾಸ ನನಗೆ ಆಯಿತು.

ಮರುವರ್ಷ ರೋಹಿಣಿಯ ಮೊದಲು ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದೆ. ಚಿಗವ್ವನ ಪಾಲಿನ ಮೇಲೆ ಮಣ್ಣು ಹರವುವುದು ನಮ್ಮ ಮನೆಯ ಪಾಳಿ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಹಸಿಮಣ್ಣನ್ನು ಬರಿಗಾಲಿನಿಂದ ತುಳಿಯುತ್ತಿದ್ದೆ. ಬೆಳಕಿಂಡಿಯ ಕೆಳಗಿನಿಂದ ಚಿಗವ್ವನ ದನಿ ಬಂದಿತು.

"ತಮ್ಮಾ, ಮೂಲ್ಯಾಗ ಸರಿಯಾಗಿ ತುಳಿ. ಕಾರಕೂನಂಗ ತುಳೀಬ್ಯಾಡ!"

ಪಕ್ಕದ ಪಾಲಿನ ಮೇಲೆ ನಿಂತಿದ್ದ ದೊಡ್ಡಪ್ಪನವರ ಆಳುಗಳು ಗೊಳ್ಳೆಂದು ನಕ್ಕರು. ನಾನು ಮೂಲೆಗೆ ಹೋಗಿ ಮತ್ತೊಮ್ಮೆ ತುಳಿದೆ.